ಶ್ರಾವಣ ಬಂದರೂ ಬಾರದವಳು

ಗೌರೀಶನಿಗೆ ಅಕ್ಕಿಪೇಟೆಯಲ್ಲಿ ಅಕ್ಕಿ ಮಂಡಿ, ಚಾಮರಾಜಪೇಟೆಯಲ್ಲಿ ಮನೆ, ಇವೆರಡಕ್ಕಿಂತ ಹೆಚ್ಚಾಗಿ ಹೆಂಡತಿ ಬಿಂದುವಿನ ಹುಚ್ಚು. ಮದುವೆಯಾದ ಮೊದಲ ಆಷಾಢ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ಅವಳನ್ನು ತ್ಯಾಗರಾಜನಗರದ ತವರಿಗೆ ಕಳಿಸಿದ್ದರು. ಬೈಕ್ ಹತ್ತಿದರೆ ಲೋಟದ ಕಾಫಿ ಆರುವ ಮುಂಚೆ ತಲುಪುವ ದೂರ. ಆದರೂ ಹೋಗುವಂತಿಲ್ಲ. ಪಾಪ, ಅವಳ ದಿಂಬನ್ನೇ ತಬ್ಬಿಕೊಂಡು ಮಲಗುತ್ತಿದ್ದ.

"ಮಗಾ, ಆಷಾಢದ ಬ್ರಹ್ಮಚಾರಿ!" ಎಂದು ರೇಗಿಸಿದ ಗೆಳೆಯರು ಅವನನ್ನು ಊರಾಚೆಯ ರೆಸಾರ್ಟಿಗೆ ಎಳೆದುಕೊಂಡು ಹೋದರು. ಕುಡಿದ ಮತ್ತಿನಲ್ಲಿ ಗುರುತಿಲ್ಲದ ಹೆಣ್ಣಿನ ಜೊತೆ ಮಲಗಿದ. ಹಂಬಲ ಒಬ್ಬಳದು, ಜಾರಿದ್ದು ಇನ್ನೆಲ್ಲೋ. ಇಂಥ ಬುದ್ಧಿಗೆ ಏನನ್ನೋಣ?

ವಾಪಸ್ ಬಂದ ಎರಡು ವಾರಕ್ಕೆ ಜ್ವರ, ಗಂಟಲು ನೋವು, ಮೈಮೇಲೆಲ್ಲ ದದ್ದು. ಹೆದರಿ ಎಚ್‌ಐವಿ ಪರೀಕ್ಷೆ ಮಾಡಿಸಿದ. ನೆಗೆಟಿವ್ ಬಂತು. ಗಣಪತಿಗೆ ಈಡುಗಾಯಿ ಒಡೆಯಲು ಹೊರಟವನನ್ನು ಆಪ್ತ ಸಮಾಲೋಚಕಿ ಚೂಡಾಮಣಿ ತಡೆದು ಕೂರಿಸಿದರು.

"ಮೂರು ದಿನದೊಳಗೆ ಬಂದಿದ್ರೆ ತಡೆಯೋ ಮಾತ್ರೆ ಶುರು ಮಾಡ್ಬಹುದಿತ್ತು. ಈಗ ಸೋಂಕು ಇದ್ರೂ ಟೆಸ್ಟಲ್ಲಿ ಕಾಣದೇ ಇರಬಹುದು. ಆದ್ರೆ ಜಾಸ್ತಿ ಹರಡೋದು ಈ ಶುರುವಿನ ದಿನಗಳಲ್ಲೇ. ಕೆಲವು ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡ್ಬೇಕು. ಇದ್ರೂ ಹೆದರ್ಬೇಡಿ, ಔಷಧಿ ಇದೆ. ಅಲ್ಲೀವರೆಗೂ ಹೆಂಡತೀನ ಕಾಪಾಡೋದು ನಿಮ್ಮ ಕೈಲಿದೆ."

ಮರುಪರೀಕ್ಷೆಗೆ ಮುಂಚೆಯೇ ಶ್ರಾವಣ ಬಂತು. ಬಿಂದುವನ್ನು ಕರೆದುಕೊಂಡು ಬಾ ಎಂದು ಅಮ್ಮ ಬೆನ್ನು ಹತ್ತಿದರು. ಅವಳು ತವರಲ್ಲೇ ಉಳಿಯುವಂತೆ ಏನಾದರೂ ನೆಪ ಹೇಳಿದರಾಯಿತು ಎಂದುಕೊಂಡೇ ಹೋದ.

ಬಿಂದು ಮಲ್ಲಿಗೆ ಮುಡಿದು, ಬ್ಯಾಗು ಹಿಡಿದು ಗೇಟಿನಲ್ಲೇ ನಿಂತಿದ್ದಳು. "ಏನ್ರೀ, ಇಷ್ಟೊಂದು ಸೊರಗಿದೀರಾ?" ಎಂದು ಕೆನ್ನೆ ಮುಟ್ಟಿದಳು. ಆ ಕೈಗಾಗಿ ತಿಂಗಳಿಡೀ ಒದ್ದಾಡಿದ್ದ. ಸುಮ್ಮನಿದ್ದರೆ ಈ ರಾತ್ರಿಯೇ ಅವಳು ಮನೆಯಲ್ಲಿರುತ್ತಾಳೆ. ಅವನಿಗೆ ಆಗಲಿಲ್ಲ. ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟ.

ಬಿಂದು ಕೈ ತೆಗೆದಳು. ಕಣ್ಣು ತುಂಬಿಕೊಂಡಿತು.

"ಇಲ್ಲಿ ನಾನು ಶ್ರಾವಣ ಯಾವಾಗ ಬರುತ್ತೋ ಅಂತ ದಾರಿ ಕಾಯ್ತಿದ್ದೆ," ಎಂದಳು. ಕಣ್ಣೊರೆಸಿಕೊಂಡು, "ರಿಪೋರ್ಟಲ್ಲಿ ಏನೇ ಬರ್ಲಿ, ನೀವೇ ಬಂದು ಹೇಳಿ. ನಾನು ಬರ್ತೀನೋ ಇಲ್ವೋ, ಅದು ಆಮೇಲೆ," ಎಂದು ಬ್ಯಾಗು ಎತ್ತಿಕೊಂಡು ಒಳಗೆ ಹೋದಳು.

ಗೌರೀಶನ ಕಾಲು ಅಲ್ಲಿಂದ ಕದಲಲಿಲ್ಲ. ಒಳಗೆ ಅವಳ ಅಮ್ಮ ಕೇಳುತ್ತಿದ್ದರು:

"ಅಳಿಯಂದ್ರು ಬಂದ್ರೇನೇ? ಎಲೆ ಹಾಕ್ಲಾ?"

"ಇಲ್ಲಮ್ಮ," ಎಂದಳು ಬಿಂದು, "ಅವರಿನ್ನೂ ಬಂದಿಲ್ಲ."