ದೊಡ್ಡಪ್ಪನ ಎಡಗಾಲು

ಮಾರೇನಹಳ್ಳಿಯಲ್ಲಿ ಸೊಪ್ಪು ಕೊಳ್ಳುವಾಗ ಚಪ್ಪಲಿಯೊಳಗೆ ಕಲ್ಲೊಂದು ಸೇರಿಕೊಂಡಿತು. ಕುಂಟುತ್ತಾ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ದೊಡ್ಡಪ್ಪ ನೆನಪಾದರು.

ನಾಟಕ, ಸಿನಿಮಾ ಎರಡರಲ್ಲೂ ದೊಡ್ಡಪ್ಪನಿಗೆ ಸಿಗುತ್ತಿದ್ದದ್ದು ಮುದುಕನ ಪಾತ್ರವೇ. ಮೂವತ್ತರ ವಯಸ್ಸಿಗೇ ತಲೆಗೆ ಬಿಳಿ ಬಳಿದುಕೊಂಡು ತಾತನಾಗಿದ್ದರು. ಒಮ್ಮೆ ರಾಜಾಜಿನಗರದಲ್ಲಿ ನಾಟಕ ಮುಗಿದು ಎಲ್ಲರೂ ಅವರನ್ನು ಹೊಗಳುತ್ತಿದ್ದಾಗ, ಆಗಿನ್ನೂ ಚಿಕ್ಕವಳಾಗಿದ್ದ ನಾನು, "ದೊಡ್ಡಪ್ಪ, ಮೊದ್ಲು ಎಡಗಾಲು ಕುಂಟ್ತಿದ್ರಿ, ಆಮೇಲೆ ಬಲಗಾಲು ಕುಂಟಿದ್ರಿ" ಅಂದುಬಿಟ್ಟೆ. ಅಮ್ಮ ತೊಡೆ ಚಿವುಟಿದರು. ದೊಡ್ಡಪ್ಪ ಮಾತ್ರ ಬಣ್ಣ ಒರೆಸುತ್ತಿದ್ದ ಕೈ ನಿಲ್ಲಿಸಿ, "ಹೌದೇನೇ?" ಅಂದರು.

ಮರುದಿನ ಬೆಳಿಗ್ಗೆ ಹುಣಸೆಬೀಜದಷ್ಟು ಕಲ್ಲೊಂದನ್ನು ಆರಿಸಿ, ಎಡಗಾಲಿನ ಚಪ್ಪಲಿಗೆ ಹಾಕಿಕೊಂಡು ಹಾಲು ತರಲು ಹೋದರು. ಆಮೇಲೆ ಪ್ರತಿಯೊಂದು ಕುಂಟನ ಪಾತ್ರಕ್ಕೂ ಆ ಕಲ್ಲು ಅವರ ಜೊತೆ ಹೋಯಿತು.

ಈಗ ಅವರ ಬಲಮಂಡಿ ನಿಜಕ್ಕೂ ಸವೆದಿದೆ. ಕಳೆದ ವಾರ ಕೆಂಗೇರಿಗೆ, ಅವರು ಕುಂಟ ಮುದುಕನಾಗಿರುವ ಧಾರಾವಾಹಿಯ ಶೂಟಿಂಗಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಕಾರಿನಿಂದ ಬಲಗಾಲು ಎಳೆಯುತ್ತಾ, ನನ್ನ ಹೆಗಲು ಹಿಡಿದು ಬಂದವರು, ಕ್ಯಾಮೆರಾ ಮುಂದೆ ಆ ಸವೆದ ಮಂಡಿಯ ಮೇಲೆಯೇ ಭಾರ ಬಿಟ್ಟು ಎಡಗಾಲಲ್ಲಿ ಕುಂಟಿದರು.

"ನೋಯ್ತಿರೋ ಕಾಲಲ್ಲೇ ಕುಂಟಬಹುದಿತ್ತಲ್ಲ, ದೊಡ್ಡಪ್ಪ?" ಅಂದೆ.

"ಬಲಗಾಲು ನಂದು ಕಣೇ," ಅಂದರು. "ಆ ಮುದುಕನಿಗೆ ಮೊದ್ಲಿಂದ ನೋಯ್ತಿರೋದು ಎಡಗಾಲು."