ಮಂತ್ರಿಗೆ ಹೇಳಿ ಹೊಡೆಯುವ ಪದ್ಧತಿ

ಚೆಸ್‌ನಲ್ಲಿ ಕಪ್ಪು ಕಾಯಿ ಹಿಡಿದವರು ಎರಡನೇ ನಡೆಗೇ ರಾಣಿಯನ್ನು, ಅಂದರೆ ನಮ್ಮ ಮನೆಯವರು ಹೇಳುವ ಮಂತ್ರಿಯನ್ನು, ಹೊರಗೆ ತರಬಾರದಂತೆ. ನಾನು ಐವತ್ತು ವರ್ಷದಿಂದ ತರುತ್ತಿದ್ದೇನೆ. ಗುಬ್ಬಿಯಲ್ಲಿರುವ ನಮ್ಮಣ್ಣನಿಗೆ ಇದು ಇವತ್ತಿಗೂ ನಗೆಪಾಟಲು. ಹಿರಿಯರಿಗೆ ಬಿಳಿ ಅಂತ ಚಿಕ್ಕಂದಿನಲ್ಲೇ ಕಾನೂನು ಮಾಡಿಕೊಂಡ ಮಹಾನುಭಾವ ಅವನು. ಕಪ್ಪು ನನ್ನ ಹಣೆಬರಹ. ಭಾನುವಾರ ನಮ್ಮ ಬಟವಾಡಿಯಲ್ಲಿ ಬಸ್ಸು ಹತ್ತಿ ಗುಬ್ಬಿಗೆ ಹೋದರೆ, ನಾನು ಕಾಫಿ ಲೋಟ ಕೆಳಗಿಡುವ ಮೊದಲೇ ಹಲಗೆ ಹರಡಿರುತ್ತಾನೆ.

ಅವನು ರಾಜನ ಮುಂದಿನ ಪೇದೆಯನ್ನು ಎರಡು ಮನೆ ನೂಕುತ್ತಾನೆ. ನಾನು ಮಂತ್ರಿಯ ಮುಂದಿನ ಪೇದೆಯನ್ನು ಒಡ್ಡುತ್ತೇನೆ. ಅವನು ಹೊಡೆಯುತ್ತಾನೆ, ನನ್ನ ಮಂತ್ರಿ ಬಂದು ಸೇಡು ತೀರಿಸುತ್ತದೆ. ತಕ್ಷಣ ಅವನ ಕುದುರೆ ಮೈಮೇಲೆ ಬರುತ್ತದೆ. ಈಗ ಮಂತ್ರಿ ಎಲ್ಲಿಗೆ ಹೋಗಬೇಕು? ಮನೆಗೆ ವಾಪಸ್ಸಾದರೆ ಮರ್ಯಾದೆ ಹೋಯಿತು. ಒಂದು ಹೆಜ್ಜೆ ಹಿಂದೆ ಸರಿದರೆ ಓರೆಯಾಗಿ ಓಡುವ ನನ್ನ ಒಂಟೆಗೇ ಅಡ್ಡ. ಅಂಚಿನ ಮನೆಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ, ನಾನು ಅಲ್ಲಿಗೇ. ಪಾಯ ತೋಡುವ ಮುಂಚೆಯೇ ಗೃಹಪ್ರವೇಶ ಮಾಡುತ್ತಾಳೆ ಅಂತ ಅಣ್ಣ ಅಡುಗೆಮನೆಯ ಅತ್ತಿಗೆಗೂ ಕೇಳುವ ಹಾಗೆ ಹೇಳುತ್ತಾನೆ.

ನಮ್ಮಲ್ಲಿ ಇನ್ನೊಂದು ಪದ್ಧತಿ. ರಾಜನಿಗೆ ಚೆಕ್ ಹೇಳಿದ ಹಾಗೆ ಮಂತ್ರಿಗೂ ಹೇಳಬೇಕು. ಹೇಳದೆ ಹೊಡೆದರೆ ಅದು ಕಳ್ಳತನ.

ಹೋದ ವರ್ಷ ಕುಣಿಗಲ್ಲಿನ ಒಂದು ಕಲ್ಯಾಣ ಮಂಟಪದಲ್ಲಿ ನಡೆದ ಪಂದ್ಯಕ್ಕೆ ಹೆಸರು ಕೊಟ್ಟೆ. ಇದ್ದದ್ದು ಒಂದೇ ಆಸೆ: ಅಣ್ಣನ ಕಣ್ಣೆದುರಿಗೆ ಒಂದಾದರೂ ಆಟ ಗೆದ್ದು ಅವನ ಬಾಯಿ ಮುಚ್ಚಿಸಬೇಕು. ಅವನೂ ಬಂದ, ತಂಗಿ ಸೋಲುವುದನ್ನು ತಪ್ಪಿಸಿಕೊಳ್ಳುವ ಆಸಾಮಿಯೇ? ಮೊದಲ ಆಟಕ್ಕೇ ಕಪ್ಪು ಬಂತು. ಎದುರಿಗೆ ಕೂತ ನಿವೃತ್ತ ಮೇಷ್ಟ್ರು ಬಹಳ ಸಭ್ಯಸ್ಥರು, ಕೈಮುಗಿದೇ ಆಟ ಶುರು ಮಾಡಿದರು.

ನನ್ನ ಮಂತ್ರಿ ಅಂಚಿಗೆ ಹೋಗಿ ಕೂತಿತು. ಮೇಷ್ಟ್ರು ತಮ್ಮ ಕುದುರೆಯ ಹಿಂದೆ ಒಂಟೆ ತಂದಿಟ್ಟರು. ಒಂದೆರಡು ನಡೆಯಾದ ಮೇಲೆ ಕುದುರೆ ಎಗರಿತು, ಒಂಟೆಗೆ ನನ್ನ ಮಂತ್ರಿಯ ತನಕ ದಾರಿ ತೆರೆಯಿತು. ಅವರು ತುಟಿಪಿಟಕ್ಕೆನ್ನಲಿಲ್ಲ. ಹೇಳಲಿಲ್ಲ ಅಂದಮೇಲೆ ಅಪಾಯವಿಲ್ಲ ಅಂತ ನಾನು ನೆಮ್ಮದಿಯಾಗಿ ಒಂದು ಪೇದೆ ನೂಕಿದೆ. ಮಂತ್ರಿ ಹೋಯಿತು.

"ಹೇಳ್ಲೇ ಇಲ್ವಲ್ಲ ಸಾರ್ ನೀವು" ಅಂದೆ.

ಪಾಪ, ಮೇಷ್ಟ್ರು ಕಕ್ಕಾಬಿಕ್ಕಿಯಾಗಿ ತೀರ್ಪುಗಾರರ ಕಡೆ ನೋಡಿದರು. ಉಳಿದ ಆಟಗಳ ಕಥೆಯೂ ಅಷ್ಟೇ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಣ್ಣ ಗೇಲಿ ಮಾಡಲಿಲ್ಲ. ಅದಕ್ಕೇ ನನಗೆ ಗಾಬರಿಯಾಯಿತು. ಹೆಬ್ಬೂರು ದಾಟಿದ ಮೇಲೆ ಕಿಟಕಿಯ ಕಡೆ ನೋಡುತ್ತಲೇ, "ನಾನೇ ಕಣೇ ನಿನ್ನ ಕೆಡ್ಸಿದ್ದು" ಅಂದ. ನನಗೆ ಕೆಟ್ಟ ಸಿಟ್ಟು ಬಂತು. ಐವತ್ತು ವರ್ಷ ನನ್ನ ಮಂತ್ರಿಯನ್ನು ಕಾದಿದ್ದು ಅವನು, ನಾನಲ್ಲ. ಇನ್ನು ಮೇಲೆ ಮಂತ್ರಿಗೆ ಹೇಳಕೂಡದು ಅಂತ ಅಲ್ಲೇ ಆಣೆ ಹಾಕಿಸಿಕೊಂಡೆ.

ಮುಂದಿನ ಭಾನುವಾರ ಮತ್ತೆ ಹಲಗೆ ಹರಡಿದ. ನನ್ನ ಮಂತ್ರಿ ಅಂಚಿಗೆ ಹೋಯಿತು, ಅವನ ಒಂಟೆ ಕುದುರೆಯ ಹಿಂದೆ ಬಂತು, ಕುದುರೆ ಎಗರಿತು. ಅಣ್ಣ ತುಟಿ ಬಿಗಿ ಹಿಡಿದಿದ್ದ. ಹೇಳದೆ ಇರುವ ಕಷ್ಟಕ್ಕೆ ಅವನ ಹಣೆ ಬೆವೆತಿತ್ತು. ನಾನು ಅವನ ಮುಖ ನೋಡಲಿಲ್ಲ, ಹಲಗೆ ನೋಡಿದೆ. ಬಹಳ ಹೊತ್ತು ನೋಡಿದೆ. ಆಮೇಲೆ ಮಂತ್ರಿಯನ್ನು ಒಂಟೆಯ ದಾರಿಯಿಂದ ಸರಿಸಿದೆ.

ಅಣ್ಣ ದೊಡ್ಡದಾಗಿ ಉಸಿರು ಬಿಟ್ಟ.

"ಹಂಗಾದ್ರೆ ಇನ್ಮೇಲೆ ನಾನ್ಯಾಕೆ ನಿಂಗೆ?" ಅಂದ.

ನಾನು ಹಲಗೆಯನ್ನು ಅವನ ಕಡೆಗೆ ಒಂದಿಷ್ಟು ನೂಕಿದೆ.

"ನನ್ ಕೈಲಿ ಸೋಲೋಕೆ ಕಣಣ್ಣ" ಅಂದೆ. "ಆಡು."