ಮೇಲಿನ ಮನೆಯವರ ಕೊರಳ ಕಬ್ಬಿಣ

ಕಬ್ಬಿಣ ಕೊಯ್ಯುವಾಗ ಬರುವ ವಾಸನೆ ಎಂಥದು ಎಂದು ಕೇಳಿದರೆ ಹೇಳುವುದು ಕಷ್ಟ. ಸುಟ್ಟ ವಾಸನೆಯೂ ಹೌದು, ಸ್ವಲ್ಪ ರಕ್ತದ ಹಾಗೂ ಹೌದು. ಹೋದ ವಾರ ಮಗಳು ಸೈಕಲ್ಲಿನ ಬೀಗದ ಕೈ ಕಳೆದುಕೊಂಡು ಬಂದಳು. ಹಿಂದಿನ ಚಕ್ರ ಎತ್ತಿ ಹಿಡಿದುಕೊಂಡೇ ಇಬ್ಬರೂ ಇಲ್ಲಿ ಹೇಗ್ ಪಕ್ಕದ ವೂರ್‌ಬರ್ಗ್ ಸ್ಟೇಷನ್ನಿನ ಹತ್ತಿರದ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವನು ಮಿಷನ್ ಹಿಡಿದು ಬೀಗ ಕೊಯ್ಯತೊಡಗಿದ. ಕಿಡಿ ಹಾರಿತು, ಆ ವಾಸನೆ ಬಂತು… ನಾನು ಹೊರಗೆ ಬಂದು ನಿಂತೆ. ಏನಾಯಿತೆಂದು ಮಗಳು ಡಚ್ಚಿನಲ್ಲಿ ಕೇಳಿದಳು. ಏನಿಲ್ಲ ಎಂದೆ. ನಮ್ಮ ಉಡುಪಿ ಕಡೆಯ ಹೆಂಗಸರಿಗೆ ಎಲ್ಲದಕ್ಕೂ ಒದಗುವ ಉತ್ತರ ಅದೊಂದೇ.

ನೆನಪಾದದ್ದು ನಮ್ಮ ಮೇಲಿನ ಮನೆಯವರು. ಒಂಟಿ ಹೆಂಗಸು, ದಕ್ಷಿಣ ಸುಡಾನಿನ ಬಾರಿ ಎಂಬ ಬುಡಕಟ್ಟಿನವರು. ಯುದ್ಧಕ್ಕೆ ಊರು ಬಿಟ್ಟು, ಎಲ್ಲೆಲ್ಲೋ ಅಲೆದು, ಕೊನೆಗೆ ಇಲ್ಲಿಗೆ ಬಂದು ಸೇರಿದ್ದರು. ವಯಸ್ಸು ಎಪ್ಪತ್ತು ದಾಟಿತ್ತು. ತಮ್ಮವರು ಅಂತ ಇದ್ದದ್ದು ತಂಗಿಯ ಮಗಳೊಬ್ಬಳು, ಅವಳೂ ದೂರದ ಎನ್ಸ್‌ಕೆಡೆಯಲ್ಲಿ. ನಾನು ಅವರನ್ನು ಅಮ್ಮ ಎನ್ನುತ್ತಿದ್ದೆ, ಅವರು ನನ್ನನ್ನು ಮಗಳೇ ಎನ್ನುತ್ತಿದ್ದರು. ಅವರ ಅರೆಬರೆ ಇಂಗ್ಲಿಷ್, ನನ್ನ ಆಫೀಸಿನ ಇಂಗ್ಲಿಷ್, ಅಷ್ಟರಲ್ಲೇ ನಮ್ಮ ಮಾತುಕತೆ. ಅವರಿಗೆ ಬರುವ ಡಚ್ ಕಾಗದಗಳನ್ನು ಓದಿ ಹೇಳುವ ಕೆಲಸ ನನ್ನದು.

ಅವರ ಕೊರಳಲ್ಲಿ ನನ್ನ ಕಿರುಬೆರಳಿನಷ್ಟು ದಪ್ಪದ ಒಂದು ಕಬ್ಬಿಣದ ಬಳೆ ಇತ್ತು. ಭಾನುವಾರ ಚರ್ಚಿಗೆ ಹೊರಟಾಗ ಅದರ ಮೇಲೆ ನೀಲಿ, ಕೆಂಪು ಮಣಿಗಳ ಸರ ಸುತ್ತಿಕೊಳ್ಳುತ್ತಿದ್ದರು. ಮಣಿಸರದ ದಾರ ಒಮ್ಮೆ ಹರಿದಾಗ ನಾನೇ ಪೋಣಿಸಿ ಕೊಟ್ಟಿದ್ದೆ. ಬಳೆಯ ಕಥೆ ಬೇರೆ. ಅವರು ಹುಡುಗಿಯಾಗಿದ್ದ ಕಾಲಕ್ಕೇ ಊರಲ್ಲಿ ಅದನ್ನು ಹಾಕುವವರು ಕಡಿಮೆಯಾಗಿದ್ದರಂತೆ. ಅಜ್ಜಿ ಹಠ ಹಿಡಿದು ಕಮ್ಮಾರನನ್ನು ಕರೆಸಿ, ಮೊಮ್ಮಗಳ ತಲೆಯನ್ನು ಕಲ್ಲಿನ ಮೇಲೆ ಇಡಿಸಿ, ಎರಡು ತುದಿಗಳನ್ನು ಒಂದಕ್ಕೊಂದು ಸಿಕ್ಕಿಸಿ ಬಡಿಸಿಬಿಟ್ಟಿದ್ದರು. ಮೂರು ದಿನ ಕಿವಿಯಲ್ಲಿ ಅದೇ ಸದ್ದು ಎಂದು ಹೇಳಿ ನಗುತ್ತಿದ್ದರು. ಆಮೇಲೆ ಅದು ಕೊರಳಿಂದ ಇಳಿದದ್ದೇ ಇಲ್ಲ. ಮನೆ, ಹೊಲ, ಗಂಡ ಎಲ್ಲ ಹೋದರೂ ಅದೊಂದು ಅವರ ಜೊತೆ ಬಂತು.

ಒಂದು ಚಳಿಗಾಲ ಅವರಿಗೆ ಅನ್ನ ನುಂಗುವುದು ಕಷ್ಟವಾಯಿತು. ಇಲ್ಲಿ ಹೌಸ್‌ಆರ್ಟ್ಸ್ ಎಂದು ಕರೆಯುವ ಮನೆ ಡಾಕ್ಟರಲ್ಲಿಗೆ ನಾನೇ ಕರೆದುಕೊಂಡು ಹೋದೆ. ಅವರು ಆಸ್ಪತ್ರೆಗೆ ಕಳಿಸಿದರು. ಗಂಟಲಲ್ಲಿ ಗಡ್ಡೆ ಇರುವ ಹಾಗಿದೆ, ಎಂಆರ್‌ಐ ಮಾಡಬೇಕು, ಕಬ್ಬಿಣ ಇದ್ದರೆ ಆಗುವುದಿಲ್ಲ ಎಂದರು. ಅಮ್ಮ ತಲೆ ಅಲ್ಲಾಡಿಸಿದರು. ಎರಡು ಸಲ ತಾರೀಕು ಕೊಟ್ಟರು, ಎರಡು ಸಲವೂ ಅವರು ಹೋಗಲಿಲ್ಲ. ಮೂರನೆಯ ಕಾಗದ ಬಂದಾಗ ನಾನು ಅವರ ಎದುರು ಹಠ ಹಿಡಿದು ಕೂತೆ.

ನನಗೆ ಬಾಯಿ ಜಾಸ್ತಿ, ಅದು ಮನೆಯವರೆಲ್ಲ ಬಲ್ಲ ವಿಷಯ. ಹೆರಿಗೆಯಲ್ಲಿ ನನಗೆ ಆಪರೇಷನ್ ಆಗಿತ್ತು, ಕರಿಮಣಿ ತೆಗೆದಿಡಬೇಕಾಗಿತ್ತು. ನಾನು ಅಳುತ್ತಾ ಊರಿಗೆ ಫೋನ್ ಮಾಡಿದ್ದಕ್ಕೆ, ನೂಲಿಗೆ ಅರಶಿನದ ಕೊಂಬು ಕಟ್ಟಿ ಹಾಕಿಕೋ, ಮನೆಗೆ ಬಂದ ಮೇಲೆ ಕರಿಮಣಿ ಹಾಕಿಕೊಂಡರಾಯಿತು, ಅದರಲ್ಲೇನಿದೆ ಎಂದು ನನ್ನ ತಾಯಿ ಸಮಾಧಾನ ಮಾಡಿದ್ದರು. ಆ ಕಥೆಯನ್ನೆಲ್ಲ ಇವರಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

"ಇದನ್ನ ಕೊಯ್ದ ಮೇಲೆ ಮತ್ತೆ ಹಾಕ್ಲಿಕ್ಕೆ ಆಗ್ತದಾ, ಮಗಳೇ?"

"ಆಗ್ತದಮ್ಮ. ನಮ್ಮೂರಲ್ಲಿ ಆಚಾರಿಗಳಿದ್ದಾರೆ, ಗೆರೆ ಸಹ ಕಾಣದ ಹಾಗೆ ಬೆಸೆದು ಕೊಡ್ತಾರೆ. ನಾನು ಮಾಡಿಸಿ ಕೊಡ್ತೇನೆ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಸರಿ ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಆಫೀಸಿಗೆ ರಜೆ ಹಾಕಿ ಜೊತೆಗೆ ಹೋದೆ. ಆಸ್ಪತ್ರೆಯ ರಿಪೇರಿ ಕೆಲಸದವನೊಬ್ಬ ಸಣ್ಣ ಮಿಷನ್ ತಂದ. ಬಳೆಗೂ ಚರ್ಮಕ್ಕೂ ನಡುವೆ ಒದ್ದೆ ಬಟ್ಟೆ, ತಗಡು ತೂರಿಸಿ, ಕ್ಷಮೆ ಕೇಳುತ್ತಲೇ ಎರಡು ಕಡೆ ಕೊಯ್ದ. ಅಷ್ಟು ಹೊತ್ತೂ ಅಮ್ಮ ನನ್ನ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದ್ದರು. ಬಳೆ ಇಳಿದಾಗ ಅದರ ಅಡಿಯ ಚರ್ಮ ಎಳೆಮಗುವಿನದರಂತೆ ಮೆತ್ತಗೆ, ತೆಳ್ಳಗೆ ಇತ್ತು. ನಾನು ಪರ್ಸಿನಿಂದ ಅರಶಿನ ಕೊಂಬು ಕಟ್ಟಿದ ನೂಲು ತೆಗೆದು ಅವರ ಕೊರಳಿಗೆ ಕಟ್ಟಿದೆ. ಹೇಗ್‌ನ ಇಂಡಿಯನ್ ಅಂಗಡಿಯಿಂದ ಅದನ್ನು ಮುಂಚೆಯೇ ತಂದಿಟ್ಟುಕೊಂಡಿದ್ದೆ. ಏನೋ ದೊಡ್ಡ ಉಪಾಯ ಮಾಡಿದೆ ಅನ್ನುವ ಜಂಬ ಬೇರೆ ನನಗೆ. ಅವರು ಅದನ್ನು ಬೆರಳಲ್ಲಿ ಮುಟ್ಟಿ, ಥ್ಯಾಂಕ್ಯೂ ಎಂದರು.

ಸ್ಕ್ಯಾನ್‌ನಲ್ಲಿ ಗಡ್ಡೆ ಎಲ್ಲ ಕಡೆ ಹಬ್ಬಿದ್ದು ಕಂಡಿತು. ಈ ವಯಸ್ಸಿಗೆ ಇನ್ನೇನೂ ಮಾಡುವ ಹಾಗಿಲ್ಲ, ನೋವಾಗದಂತೆ ನೋಡಿಕೊಳ್ಳೋಣ ಎಂದರು ಡಾಕ್ಟರು. ಹಾಗಾದರೆ ಬಳೆ ಕೊಯ್ದದ್ದು ಯಾತಕ್ಕೆ? ಕೇಳುವುದಾದರೂ ಯಾರನ್ನು? ನೋಡದೆ ಅವರಿಗೆ ಗೊತ್ತಾಗುತ್ತಿರಲಿಲ್ಲ, ಕೊಯ್ಯದೆ ನೋಡಲು ಬರುತ್ತಿರಲಿಲ್ಲ.

ಮುಂದಿನ ತಿಂಗಳು ಊರಿಗೆ ಹೋದಾಗ ಎರಡು ತುಂಡುಗಳನ್ನೂ ಸೀರೆಯಲ್ಲಿ ಸುತ್ತಿ ಒಯ್ದೆ. ನಮ್ಮ ಅಕ್ಕಸಾಲಿಗ ಆಚಾರಿ ನೋಡಿ, ಇದು ಕಬ್ಬಿಣ, ನಮ್ಮ ಕೆಲಸ ಅಲ್ಲ ಎಂದು ಕಮ್ಮಾರನ ಹತ್ತಿರ ಕಳಿಸಿದರು. ಕಮ್ಮಾರ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಬೆಸೆಯುವುದು ದೊಡ್ಡದಲ್ಲ, ಆದರೆ ಬೆಸೆದ ಮೇಲೆ ಇದು ತಲೆ ದಾಟುವುದಿಲ್ಲ, ಕೊರಳಲ್ಲಿಟ್ಟೇ ಬೆಸೆಯೋಣವೆಂದರೆ ಮೈ ಸುಡುತ್ತದೆ ಎಂದ. ಇಷ್ಟು ಸಣ್ಣ ವಿಷಯ ಎಂ.ಟೆಕ್ ಓದಿದ ನನ್ನ ತಲೆಗೆ ಹೊಳೆದಿರಲಿಲ್ಲ. ವಾಪಸ್ ಬಂದು ನಮ್ಮ ಸೈಕಲ್ ಅಂಗಡಿಯವನಿಗೂ ತೋರಿಸಿದೆ. ಸ್ಕ್ರೂ ಹಾಕಿ ಕೊಡುತ್ತೇನೆ, ಬೇಕಾದಾಗ ತೆಗೆಯಬಹುದು ಎಂದ. ಬೇಕಾದಾಗ ತೆಗೆಯುವ ವಸ್ತುವೇ ಅಲ್ಲವಲ್ಲ ಅದು. ಬೇಡ ಎಂದು ಮನೆಗೆ ತಂದೆ.

ಶನಿವಾರ ಗಂಜಿ ತೆಗೆದುಕೊಂಡು ಮೇಲೆ ಹೋದಾಗ ಅವರು ಕೇಳಿದರು, "ಕಮ್ಮಾರ ಏನಂದ?"

ಮಾಡಿಕೊಡುತ್ತಾನಂತೆ, ಸ್ವಲ್ಪ ಸಮಯ ಬೇಕಂತೆ ಎಂದೆ. ಮರುವಾರವೂ ಅದೇ ಪ್ರಶ್ನೆ, ನನ್ನದು ಇನ್ನೊಂದು ಸುಳ್ಳು. ಬೆಂಕಿ ಸರಿಯಿಲ್ಲ ಎಂದೆ, ಮಳೆ ಎಂದೆ, ಅವನಿಗೆ ಜ್ವರ ಎಂದೂ ಹೇಳಿದೆ. ಅವರು ಪ್ರತಿ ಸಲವೂ ಗಂಭೀರವಾಗಿ ಕೇಳಿ, ಪಾಪ ಎನ್ನುತ್ತಿದ್ದರು. ಅವರ ಕೊರಳು ದಿನದಿನಕ್ಕೂ ಸಣ್ಣದಾಗುತ್ತಿತ್ತು. ಕೊನೆಗೆ ನನಗೆ ಹೇಳಲು ಸುಳ್ಳೂ ಉಳಿಯಲಿಲ್ಲ. ಆಫೀಸಿನಲ್ಲಿ ಕೆಲಸ ಜಾಸ್ತಿ ಎಂದು ಗಂಡನ ಕೈಯಲ್ಲಿ ಗಂಜಿ ಕಳಿಸತೊಡಗಿದೆ. ನಿನ್ನನ್ನು ಕೇಳ್ತಿದ್ರು ಎಂದು ಅವನು ಕೆಳಗಿಳಿದು ಬಂದು ಹೇಳುತ್ತಿದ್ದ. ಏನು ಕೇಳಿದರೆಂದು ನಾನು ವಿಚಾರಿಸಲಿಲ್ಲ. ಹೀಗೆ ಐದು ವಾರ… ಆರೋ ಏನೋ.

ಒಂದು ಮಂಗಳವಾರ ಬೆಳಿಗ್ಗೆ ಅವರು ಹೋದರು. ತಂಗಿಯ ಮಗಳು ವಾರದಿಂದ ಅಲ್ಲೇ ಇದ್ದಳು. ಮೈ ತೊಳೆಸಲು ಹೆಂಗಸರು ಬೇಕೆಂದು ನನ್ನನ್ನೂ ಕರೆದಳು. ಎರಡು ತುಂಡುಗಳನ್ನು ಕೈಯಲ್ಲಿ ಹಿಡಿದುಕೊಂಡು ಮೇಲೆ ಹೋದೆ, ಅಳುತ್ತಾ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಬೈಯಲಿಲ್ಲ. ತಮ್ಮ ಮನೆತನದಲ್ಲಿ ಈ ಬಳೆಯನ್ನು ತೆಗೆಯುವುದು ಈ ಒಂದು ದಿನ ಮಾತ್ರ, ಮೈ ತೊಳೆಸುವಾಗ, ಎಂದಳು. ನಾನು ಅದನ್ನು ನಾಲ್ಕು ತಿಂಗಳು ಮುಂಚೆಯೇ ಮಾಡಿಸಿಬಿಟ್ಟಿದ್ದೆ.

"ಅಮ್ಮನಿಗೆ ನನ್ನ ಮಾತು ಸುಳ್ಳು ಅಂತ ಗೊತ್ತಾಗಿತ್ತಾ?" ಎಂದು ಕೇಳಿದೆ.

"ಮೊದಲ ದಿನವೇ ಗೊತ್ತಿತ್ತು. ಅವರ ತಾಯಿಯ ಕಡೆಯವರೇ ಕಮ್ಮಾರರು."

"ಮತ್ತೆ ಪ್ರತಿ ವಾರ ಯಾಕೆ ಕೇಳ್ತಿದ್ರು?"

ಅವಳು ಬಟ್ಟೆಯನ್ನು ನೀರಿಗೆ ಅದ್ದಿ ಹಿಂಡಿದಳು. "ಅವರಿಗೆ ನಿಮ್ಮ ಕಥೆಗಳು ಇಷ್ಟ. ಮುಂದಿನ ಶನಿವಾರ ಇನ್ನೊಂದು ಹೇಳ್ಲಿಕ್ಕಾದ್ರೂ ನೀವು ಬರ್ತೀರಿ ಅಂತ."

ಈಗ ಮೇಲಿನ ಮನೆಯಲ್ಲಿ ಪುಟ್ಟ ಮಗು ಇರುವ ಒಂದು ಡಚ್ ಸಂಸಾರ ಇದೆ, ಒಳ್ಳೆಯ ಜನ. ನಮ್ಮ ಬಾಗಿಲಿನಿಂದ ಆ ಬಾಗಿಲಿಗೆ ಹದಿನಾಲ್ಕು ಮೆಟ್ಟಿಲು. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ನನ್ನ ಕೈಯಲ್ಲಿರಲಿಲ್ಲ, ಅದಕ್ಕೆ ಯಾರೂ ನನ್ನನ್ನು ದೂರುವುದಿಲ್ಲ. ಬರಿಗೈಯಲ್ಲಿ ಹೋಗಿ ಸುಮ್ಮನೆ ಕೂತು ಬರುವುದು ನನ್ನ ಕೈಯಲ್ಲಿತ್ತು, ನಾನು ಹೋಗಲಿಲ್ಲ.